ಉಳಿಯುವ ವೃತ್ತಿ, ಬಿಡುವ ವೃತ್ತಿ: ವೈದ್ಯಕೀಯ ಮತ್ತು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್

(ಹೌಸ್ ಸರ್ಜನ್‌ಗಳು, ಪಿಯುಸಿ ವಿದ್ಯಾರ್ಥಿಗಳು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

ವೈದ್ಯಕೀಯ ಒಂದು ವೃತ್ತಿ; ಕಂಪನಿ, ಆಸ್ಪತ್ರೆಗಳಿಗೆ ಶುಲ್ಕ ಪಡೆದು ಆಡಳಿತದ ಸಲಹೆ ಕೊಡುವ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಇನ್ನೊಂದು. ಈ ಎರಡು ವೃತ್ತಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಇಪ್ಪತ್ತೈದನೇ ವಯಸ್ಸಿನ ಸಂಬಳವನ್ನು ಪಕ್ಕಪಕ್ಕ ಇಡುತ್ತಾರೆ. ಐಐಎಂ ಮುಗಿಸಿ ದೊಡ್ಡ ಕನ್ಸಲ್ಟಿಂಗ್ ಸಂಸ್ಥೆ ಸೇರಿದ ಹುಡುಗಿಗೆ ವರ್ಷಕ್ಕೆ 30 ಲಕ್ಷದ ಆಸುಪಾಸು ಪ್ಯಾಕೇಜು. ಅವಳದೇ ವಯಸ್ಸಿನ ಎಂಬಿಬಿಎಸ್ ಹುಡುಗ ಖಾಸಗಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡಿ ತಿಂಗಳಿಗೆ ಐವತ್ತೋ ಅರವತ್ತೋ ಸಾವಿರ ತರುತ್ತಾನೆ, ಹಗಲು ತಜ್ಞ ಪದವಿಯ ಪ್ರವೇಶ ಪರೀಕ್ಷೆಯಾದ ಪಿಜಿ ನೀಟ್‌ಗೆ ಓದುತ್ತಾನೆ. ಅಲ್ಲಿಗೇ ಲೆಕ್ಕ ನಿಲ್ಲಿಸಿದರೆ ಉತ್ತರ ಮೊದಲೇ ಗೊತ್ತಿದ್ದದ್ದೇ. ಆದರೆ ಕನ್ಸಲ್ಟಿಂಗ್ ಸಂಸ್ಥೆಗಳು ನಡೆಯುವುದೇ ಸೇರಿದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಹೊರಹೋಗುತ್ತಾರೆ ಎಂಬ ಎಣಿಕೆಯ ಮೇಲೆ. ವೈದ್ಯಕೀಯದಲ್ಲಿ ಒಳಗೆ ಬಂದವರು ಕೈನಡುಗುವವರೆಗೂ ಇರುತ್ತಾರೆ ಎಂಬ ಭರವಸೆಯ ಮೇಲೆ ಹತ್ತು ಹನ್ನೆರಡು ವರ್ಷದ ತರಬೇತಿ ನಿಂತಿದೆ. ಇದನ್ನು ಗಮನದಲ್ಲಿ ಇಟ್ಟುಕೊಂಡು ಸಂಬಳ, ಸಾಲ, ನಿದ್ದೆ, ಹೊಣೆ ಒಂದೊಂದನ್ನೇ ನೋಡೋಣ.

ಮೊದಲು ವೈದ್ಯಕೀಯದ ಕಾಲಗಣನೆ. ಎಂಬಿಬಿಎಸ್ ಪ್ರವೇಶದ ನೀಟ್ ಯುಜಿಗೆ 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಒಟ್ಟು ಅಂಕದಲ್ಲಿ ಅರ್ಧ ಜೀವಶಾಸ್ತ್ರದ್ದು, ಆದರೆ ರ‍್ಯಾಂಕ್ ಕೈತಪ್ಪುವುದು ಹೆಚ್ಚಾಗಿ ಭೌತಶಾಸ್ತ್ರದಲ್ಲಿ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು; ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು ಒಂದೂಕಾಲು ಲಕ್ಷ. ನಮ್ಮಲ್ಲಿ ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎ ಮೂಲಕ ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿದರೆ ಬೋಧನಾ ಶುಲ್ಕ ವರ್ಷಕ್ಕೆ ಲಕ್ಷದೊಳಗೆ. ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ಅದೇ ಹತ್ತು ಲಕ್ಷ ದಾಟುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಮಾತೇ ಬೇರೆ. ಹೀಗಾಗಿ ‘ಎಂಬಿಬಿಎಸ್ ಮಾಡಿಸಲೋ ಬೇಡವೋ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸರ್ಕಾರಿ ಸೀಟಿನ ಎಂಬಿಬಿಎಸ್ ಮತ್ತು ಸಾಲ ಮಾಡಿ ಕೊಂಡ ಎಂಬಿಬಿಎಸ್ ಹಣಕಾಸಿನ ದೃಷ್ಟಿಯಿಂದ ಎರಡು ಬೇರೆ ವೃತ್ತಿಗಳೇ.

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ, ಅಂದರೆ ಹೌಸ್ ಸರ್ಜನ್‌ಶಿಪ್. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಪ್ರಯತ್ನ, ಇಡೀ ಕೋರ್ಸಿಗೆ ಒಂಬತ್ತು ವರ್ಷದ ಗಡುವು. ಕರ್ನಾಟಕದಲ್ಲಿ ಇದರ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ 2012ರ ಕಾಯ್ದೆ ಇದೆ. 2023ರ ತಿದ್ದುಪಡಿಯ ನಂತರ ಸರ್ಕಾರ ಖಾಲಿ ಹುದ್ದೆಗಳಿಗೆ ತಕ್ಕಂತೆ ಕರೆಯುತ್ತದೆ, ಎಲ್ಲರನ್ನೂ ಅಲ್ಲ. ಆದರೂ ಆ ಒಂದು ವರ್ಷವನ್ನು ನಿಮ್ಮ ಯೋಜನೆಯ ಅಂಚಿನಲ್ಲಿ ಪೆನ್ಸಿಲಿನಲ್ಲಾದರೂ ಬರೆದಿಟ್ಟುಕೊಳ್ಳಿ.

ನಿಜವಾದ ಸೋಸುವಿಕೆ ಆಮೇಲೆ, ಪಿಜಿ ನೀಟ್‌ನಲ್ಲಿ. 200 ಪ್ರಶ್ನೆ, 800 ಅಂಕ. ಪಾಸಾಗುವುದು ಕಷ್ಟವಲ್ಲ, ಬೇಕಾದ ವಿಭಾಗ ಸಿಗುವುದು ಕಷ್ಟ. ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಮೊದಲ ಸುತ್ತಿನಲ್ಲೇ ಖಾಲಿ. ಅನಾಟಮಿ, ಬಯೋಕೆಮಿಸ್ಟ್ರಿ ಸೀಟುಗಳು ಕೊನೆಯವರೆಗೂ ಉಳಿದಿರುತ್ತವೆ. ರೇಡಿಯಾಲಜಿಯ ಮ್ಯಾನೇಜ್‌ಮೆಂಟ್ ಸೀಟಿಗೆ ಕೋಟಿ ದಾಟುವುದೂ ಉಂಟು. ತಜ್ಞರಾಗುವ ಪದವಿಗಳಾದ ಎಂಡಿ, ಎಂಎಸ್ ಅಥವಾ ಡಿಎನ್‌ಬಿ ಮೂರು ವರ್ಷ. ಅದರ ಮೇಲೆ ಸೂಪರ್ ಸ್ಪೆಷಾಲಿಟಿಯ ಡಿಎಂ, ಎಂಸಿಎಚ್ ಬೇಕೆಂದರೆ ಇನ್ನೂ ಮೂರು. ಹದಿನೆಂಟಕ್ಕೆ ಸೇರಿದವರು ಇಪ್ಪತ್ಮೂರೂವರೆಗೆ ಎಂಬಿಬಿಎಸ್. ನಡುವೆ ಒಂದು ವರ್ಷ ಓದಿಗೆಂದು ಕೂತರೆ ಇಪ್ಪತ್ತೆಂಟಕ್ಕೆ ತಜ್ಞರು. ಸೂಪರ್ ಸ್ಪೆಷಾಲಿಟಿ ಮುಗಿಯುವಾಗ ಮೂವತ್ತೊಂದು, ಮೂವತ್ತೆರಡು. ಇದು ಎಲ್ಲವೂ ಸರಿಯಾಗಿ ನಡೆದರೆ. ಪಿಯುಸಿ ಆದಮೇಲೆ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋಗಿದ್ದರೆ ಅದನ್ನೂ ಸೇರಿಸಿಕೊಳ್ಳಿ.

ಈಗ ಕನ್ಸಲ್ಟಿಂಗ್. 1926ರಲ್ಲಿ ಶಿಕಾಗೋದ ಅಕೌಂಟಿಂಗ್ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸಿ ಸಂಸ್ಥೆ ಶುರುಮಾಡಿದರು. ಅದಕ್ಕೆ ಈಗಿನ ರೂಪ ಕೊಟ್ಟವರು ವಕೀಲಿಕೆಯಿಂದ ಬಂದ ಮಾರ್ವಿನ್ ಬೋವರ್. ದೊಡ್ಡ ವಕೀಲರ ಸಂಸ್ಥೆಗಳಲ್ಲಿದ್ದ ಪಾಲುದಾರಿಕೆಯ ಪದ್ಧತಿಯನ್ನೇ ಅವರು ಇಲ್ಲಿಗೆ ತಂದರು. ಇಂಥವೇ ಸಂಸ್ಥೆಗಳಾದ ಬಿಸಿಜಿ 1963ರಲ್ಲಿ, ಬೇನ್ 1973ರಲ್ಲಿ ಬಂದವು. ಇವುಗಳ ಗಣಿತ ಸರಳ. ಒಬ್ಬ ಪಾಲುದಾರ ಕೆಲಸ ತರುತ್ತಾನೆ, ಏಕಕಾಲಕ್ಕೆ ಎರಡು ಮೂರು ಪ್ರಾಜೆಕ್ಟ್ ನೋಡಿಕೊಳ್ಳುತ್ತಾನೆ. ಪ್ರತಿ ಪ್ರಾಜೆಕ್ಟಿಗೆ ಒಬ್ಬ ಮ್ಯಾನೇಜರ್, ಇಬ್ಬರು ಮೂವರು ಕಿರಿಯರು. ಅವಧಿ ಆರರಿಂದ ಹನ್ನೆರಡು ವಾರ. ಕಿರಿಯರ ದಿನಗಳನ್ನು ಗ್ರಾಹಕನಿಗೆ ಮಾರುವ ದರಕ್ಕೂ ಅವರ ಸಂಬಳಕ್ಕೂ ಇರುವ ಅಂತರವೇ ಲಾಭ. ಒಬ್ಬ ಪಾಲುದಾರನ ಕೆಳಗೆ ಎಂಟು ಜನ ಇದ್ದರೆ ಆ ಎಂಟೂ ಜನ ಪಾಲುದಾರರಾಗಲು ಜಾಗವಿಲ್ಲ. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ಮೇಲಕ್ಕೆ ಹೋಗಬೇಕು, ಇಲ್ಲವಾದರೆ ಹೊರಗೆ. ಯಾರೂ ಗದರಿ ಕಳಿಸುವುದಿಲ್ಲ; ‘ಬೇರೆ ಅವಕಾಶ ನೋಡಿಕೊಳ್ಳಿ’ ಎಂದು ಮೂರು ತಿಂಗಳು ಕೊಡುತ್ತಾರೆ, ಕೆಲಸ ಹುಡುಕಲು ನೆರವಾಗುತ್ತಾರೆ. ಹೊರಹೋದವರೇ ನಾಳೆ ಗ್ರಾಹಕರಾಗಿ ಬರುತ್ತಾರಲ್ಲ!

ಕೆಳಗೆ ಹಲವರು, ತುದಿಯಲ್ಲಿ ಒಬ್ಬಿಬ್ಬರು ಎಂಬ ಇದೇ ಪಿರಮಿಡ್ ಒಂದು ಕಾಲದಲ್ಲಿ ವೈದ್ಯಕೀಯದಲ್ಲೂ ಇತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್ಸ್ಟೆಡ್ ಶಸ್ತ್ರಚಿಕಿತ್ಸೆಯ ರೆಸಿಡೆನ್ಸಿ (ಆಸ್ಪತ್ರೆಯಲ್ಲಿದ್ದೇ ಪಡೆಯುವ ತಜ್ಞ ತರಬೇತಿ) ಶುರುಮಾಡಿದಾಗ ಹಲವರನ್ನು ಸೇರಿಸಿಕೊಂಡು ತುದಿಗೆ ಒಬ್ಬಿಬ್ಬರನ್ನಷ್ಟೇ ಮುಟ್ಟಿಸುತ್ತಿದ್ದರು. ಮುಂದೆ ಬೋಸ್ಟನ್ನಿನಲ್ಲಿ ಎಡ್ವರ್ಡ್ ಚರ್ಚಿಲ್ ಅದನ್ನು ಬದಲಿಸಿದರು: ಸೇರಿದವರು ತರಬೇತಿ ಪೂರೈಸಿಯೇ ಹೊರಬರಬೇಕು. ಅರ್ಧ ಕಲಿತ ಸರ್ಜನ್ ಯಾರಿಗೂ ಬೇಡ. ಎರಡು ವರ್ಷ ಕೆಲಸ ಮಾಡಿ ಬಿಟ್ಟ ಕನ್ಸಲ್ಟೆಂಟ್‌ಗೆ ಮಾತ್ರ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಇದೆ. ಪ್ರೈವೇಟ್ ಇಕ್ವಿಟಿ (ಕಂಪನಿಗಳಲ್ಲಿ ಹಣ ಹೂಡುವ ಸಂಸ್ಥೆಗಳು), ಸ್ಟಾರ್ಟಪ್, ಆಸ್ಪತ್ರೆ ಸಮೂಹಗಳ ಸ್ಟ್ರಾಟಜಿ ವಿಭಾಗ ಅವರನ್ನು ಕರೆಯುತ್ತವೆ. ಕನ್ಸಲ್ಟಿಂಗ್‌ನ ಸಂಬಳವನ್ನು ಆ ಕೆಲಸದ ಆದಾಯ ಎಂದು ಲೆಕ್ಕ ಹಿಡಿಯಬೇಡಿ. ಮುಂದಿನ ಕೆಲಸಕ್ಕೆ ಸಿಗುವ ಪ್ರವೇಶವನ್ನೂ ಸೇರಿಸಿ ನೋಡಿ. ಅದೇ ಕಾರಣಕ್ಕೆ ಹದಿನೈದು ವರ್ಷದ ನಂತರ ಅವರು ಎಲ್ಲಿರುತ್ತಾರೆಂದು ಹೇಳುವುದು ಕಷ್ಟ. ಹದಿನೈದು ವರ್ಷದ ನಂತರ ಮೂಳೆ ಡಾಕ್ಟರು ಎಲ್ಲಿರುತ್ತಾರೆ ಎಂಬುದು ಅವರ ಊರಿನವರಿಗೆಲ್ಲ ಗೊತ್ತಿರುತ್ತದೆ.

ಪ್ಯಾಕೇಜಿನ ಬಗ್ಗೆ ಒಂದು ಎಚ್ಚರ. ಆ 30 ಲಕ್ಷದಲ್ಲಿ ವರ್ಷಾಂತ್ಯದ ಬೋನಸ್, ಸೇರುವಾಗ ಒಮ್ಮೆ ಮಾತ್ರ ಕೊಡುವ ಹಣ, ಪಿಎಫ್, ವಿಮೆ ಎಲ್ಲ ಸೇರಿರಬಹುದು. ತೆರಿಗೆ ಕಳೆದು ಕೈಗೆ ಬರುವುದೆಷ್ಟು ಎಂದು ಕೇಳಿ. ಐಐಎಂ ಬೆಂಗಳೂರಿನಂಥ ಕಡೆ ಎರಡು ವರ್ಷದ ಶುಲ್ಕ 25 ಲಕ್ಷದ ಆಸುಪಾಸು. ಮೊದಲ ಕೆಲವು ವರ್ಷದ ಉಳಿತಾಯ ಆ ಸಾಲಕ್ಕೇ ಹೋಗುತ್ತದೆ. ಅತ್ತ ತಜ್ಞ ವೈದ್ಯರ ಆದಾಯ ಮೂವತ್ತರ ನಂತರ ಏರತೊಡಗಿ ಐವತ್ತು ದಾಟಿದ ಮೇಲೂ ಇಳಿಯುವುದಿಲ್ಲ. ಬೆಂಗಳೂರಿಗಿಂತ ದಾವಣಗೆರೆ, ವಿಜಯಪುರದಂಥ ಊರುಗಳಲ್ಲಿ ಬೇಗ ಏರುವುದೂ ಇದೆ, ಏಕೆಂದರೆ ಅಲ್ಲಿ ಪೈಪೋಟಿ ಕಡಿಮೆ, ಖರ್ಚೂ ಕಡಿಮೆ. ಕನ್ಸಲ್ಟೆಂಟ್‌ಗೆ ಆ ಆಯ್ಕೆ ಇಲ್ಲ. ಅವರ ಕಚೇರಿಗಳಿರುವುದು ಮುಂಬೈ, ಗುರುಗ್ರಾಮ, ಬೆಂಗಳೂರು, ಚೆನ್ನೈ, ಹೈದರಾಬಾದ್.

ಇನ್ನು ಕೆಲಸದ ಒಳಗೆ ಹೋಗೋಣ. ಒಂದೇ ಆಸ್ಪತ್ರೆಯ ಒಂದೇ ಸಂಗತಿಯನ್ನು ಇಬ್ಬರೂ ಹೇಗೆ ನೋಡುತ್ತಾರೆ ಎಂಬುದಕ್ಕೆ ಡಿಸ್ಚಾರ್ಜ್ ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತರ ರೌಂಡ್ಸ್‌ನಲ್ಲಿ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಅಂದರು. ವೈದ್ಯರ ಮಟ್ಟಿಗೆ ಕೆಲಸ ಮುಗಿಯಿತು. ಹಾಸಿಗೆ ಖಾಲಿಯಾಗುವುದು ಸಂಜೆ ಐದಕ್ಕೆ. ನಡುವಿನ ಏಳು ಗಂಟೆ ಎಲ್ಲಿ ಹೋಯಿತು? ಡಿಸ್ಚಾರ್ಜ್ ಸಮ್ಮರಿ ಬರೆಯಬೇಕಾದ ಪಿಜಿ ವಿದ್ಯಾರ್ಥಿ ಓಪಿಡಿಯಲ್ಲೋ ಓಟಿಯಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ. ಉಳಿದ ಔಷಧಿ ಫಾರ್ಮಸಿಗೆ ಹಿಂತಿರುಗಬೇಕು. ಬಿಲ್ಲಿಂಗ್ ಮುಗಿದ ಮೇಲೆ ವಿಮಾ ಕಂಪನಿಯ ಅಂತಿಮ ಒಪ್ಪಿಗೆ ಬರಬೇಕು. ಮೂರು ಗಂಟೆಯೊಳಗೆ ಕೊಡಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ, ಆದರೆ ಗಡಿಯಾರ ಶುರುವಾಗುವುದು ಆಸ್ಪತ್ರೆ ಬಿಲ್ ಕಳಿಸಿದ ಮೇಲೆ. ಕೊನೆಗೆ ಹಾಸಿಗೆ ಶುಚಿಗೊಳಿಸುವುದು. ಕನ್ಸಲ್ಟಿಂಗ್ ತಂಡ ಎರಡು ವಾರ ವಾರ್ಡಿನಲ್ಲಿ ನಿಂತು ಪ್ರತಿ ಹಂತದ ಸಮಯ ಬರೆದುಕೊಳ್ಳುತ್ತದೆ. ದಿನಕ್ಕೆ 30 ಡಿಸ್ಚಾರ್ಜ್, ಪ್ರತಿಯೊಂದರಲ್ಲಿ ನಾಲ್ಕು ಗಂಟೆ ಉಳಿದರೆ 120 ಹಾಸಿಗೆ-ಗಂಟೆ, ಅಂದರೆ ಇಟ್ಟಿಗೆ ಇಡದೆ ಐದು ಹೊಸ ಹಾಸಿಗೆ. ಸಲಹೆಯೂ ಸರಳ: ಹಿಂದಿನ ಸಂಜೆಯೇ ಸಮ್ಮರಿಯ ಕರಡು, ಸಂಜೆಯೇ ಔಷಧಿ ವಾಪಸಾತಿ.

ಕೆಡುವುದು ಇಲ್ಲಿಂದಾಚೆ. ಆ ಸಂಜೆಯ ಕರಡನ್ನು ಬರೆಯುವವರು ಯಾರು? ಆಗಲೇ ಹದಿನಾಲ್ಕು ಗಂಟೆ ನಿಂತಿರುವ ಅದೇ ಪಿಜಿ. ತಂಡ ಇರುವಷ್ಟು ದಿನ ಅಂಕಿ ಸುಧಾರಿಸುತ್ತದೆ. ಹತ್ತನೇ ವಾರ ಡೆಕ್ (ಸ್ಲೈಡ್ ರೂಪದ ವರದಿ) ಒಪ್ಪಿಸಿ ಅವರು ಹೊರಟ ಮೇಲೆ ಹಾಸಿಗೆ ಖಾಲಿಯಾಗುವುದು ಮತ್ತೆ ಸಂಜೆ ಐದಕ್ಕೇ. ಅದನ್ನು ಕಾಣಲು ಕನ್ಸಲ್ಟೆಂಟ್ ಅಲ್ಲಿರುವುದಿಲ್ಲ. ಬೇರೊಂದು ಊರಿನಲ್ಲಿ ಸಿಮೆಂಟ್ ಕಾರ್ಖಾನೆಯ ಪ್ರಾಜೆಕ್ಟಿನಲ್ಲಿರುತ್ತಾರೆ. ತಾವು ಕೊಟ್ಟ ಸಲಹೆ ಫಲಿಸಿತೋ ಇಲ್ಲವೋ ಎಂಬುದು ಗೊತ್ತಾಗದೆಯೇ ಬಡ್ತಿ ಪಡೆಯಬಹುದಾದ ವೃತ್ತಿಗಳಲ್ಲಿ ಇದೂ ಒಂದು. ವೈದ್ಯರಿಗೆ ಉತ್ತರ ಬೇಗ ಸಿಗುತ್ತದೆ, ಕೆಲವೊಮ್ಮೆ ನಿಮಿಷಗಳಲ್ಲಿ. ಅಡ್ರಿನಲಿನ್ ಕೊಟ್ಟಾಗ ಬಿಪಿ ಏರಿತೋ ಇಲ್ಲವೋ ಎಂಬುದಕ್ಕೆ ಸಮಿತಿ ಸೇರಬೇಕಾಗಿಲ್ಲ.

ಹಾಗೆಂದು ವ್ಯವಸ್ಥೆಯ ದೃಷ್ಟಿ ಕನ್ಸಲ್ಟೆಂಟರ ಸ್ವತ್ತೇನಲ್ಲ. ಮದುರೈನಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರುಮಾಡಿದ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ ಸರ್ಜನ್ ಒಂದು ಮೇಜಿನಲ್ಲಿ ಪೊರೆ ತೆಗೆಯುವಾಗಲೇ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧ. ಅಳವಡಿಸುವ ಲೆನ್ಸ್ ದುಬಾರಿ ಎಂದಾಗ 1992ರಲ್ಲಿ ತಾವೇ ಆರೋಲ್ಯಾಬ್ ಕಟ್ಟಿ ತಯಾರಿಸಿದರು. ನಮ್ಮ ಬೆಂಗಳೂರಿನ ನಾರಾಯಣ ಹೃದಯಾಲಯದ್ದೂ ಸರ್ಜನ್ ಒಬ್ಬರು ಕಟ್ಟಿದ ಲೆಕ್ಕಾಚಾರವೇ. ‘ದೊಡ್ಡ ಮಟ್ಟದಲ್ಲಿ ಬದಲಾವಣೆ ತರಬೇಕು, ಅದಕ್ಕೆ ಕನ್ಸಲ್ಟಿಂಗ್’ ಎನ್ನುವ ಹೌಸ್ ಸರ್ಜನ್‌ಗಳು ಈ ಎರಡು ಉದಾಹರಣೆಗಳನ್ನು ಒಮ್ಮೆ ಸಾವಧಾನವಾಗಿ ನೋಡಲಿ.

ಹೊಣೆಯ ವಿಷಯ. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ಪ್ರಕರಣದ ತೀರ್ಪಿನಿಂದ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯಡಿ ಬಂತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಕಾಣಬೇಕು ಎಂದಿತು. ಏನೇ ಆದರೂ ಕೇಸ್ ಶೀಟಿನಲ್ಲಿರುವುದು ನಿಮ್ಮ ಹೆಸರು, ನಿಮ್ಮ ಸಹಿ, ನಿಮ್ಮ ನೋಂದಣಿ ಸಂಖ್ಯೆ. ಕನ್ಸಲ್ಟಿಂಗ್ ಡೆಕ್ ಮೇಲೆ ಸಂಸ್ಥೆಯ ಲಾಂಛನ ಇರುತ್ತದೆ. ನಿರ್ಧಾರ ಗ್ರಾಹಕನದ್ದು ಎಂಬ ಸಾಲೂ ಒಪ್ಪಂದದಲ್ಲಿರುತ್ತದೆ. ಇದರ ಅರ್ಥ ಅಲ್ಲಿ ಯಾರಿಗೂ ಹಾನಿಯಾಗುವುದಿಲ್ಲ ಎಂದಲ್ಲ. ಅಮೆರಿಕದಲ್ಲಿ ಪರ್ಡ್ಯೂ ಕಂಪನಿಗೆ ಆಕ್ಸಿಕಾಂಟಿನ್ ಎಂಬ, ಚಟ ಹಿಡಿಸುವ ಓಪಿಯಾಯ್ಡ್ ನೋವುನಿವಾರಕದ ಮಾರಾಟ ಹೆಚ್ಚಿಸಲು ಮೆಕಿನ್ಸಿ ಸಲಹೆ ಕೊಟ್ಟಿತ್ತು. ಅದಕ್ಕಾಗಿ 2021ರಲ್ಲಿ ರಾಜ್ಯಗಳೊಂದಿಗೆ 57.3 ಕೋಟಿ ಡಾಲರ್, 2024ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ 65 ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ಸ್ಲೈಡ್‌ಗಳನ್ನು ತಯಾರಿಸಿದ ಕಿರಿಯರಲ್ಲಿ ಎಷ್ಟೋ ಜನ ಯಾವ ರೋಗಿಯ ಮುಖವನ್ನೂ ನೋಡಿರಲಾರರು. ವೈದ್ಯರಾಗಿ ಆ ಕ್ಷೇತ್ರಕ್ಕೆ ಹೋಗುವವರು ಫಾರ್ಮಾ ಪ್ರಾಜೆಕ್ಟಿನಲ್ಲಿ ಇಂಥ ಪ್ರಶ್ನೆ ಎತ್ತಬಲ್ಲವರು, ಎತ್ತಲೇಬೇಕಾದವರು.

ದಣಿವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೌಸ್ ಸರ್ಜನ್‌ಗಳು ಇಲ್ಲಿ ಕೂತೇ ತೂಕಡಿಸುತ್ತಿದ್ದೀರಿ. ರೆಸಿಡೆಂಟರಿಗೆ ವಾರಕ್ಕೆ 48 ಗಂಟೆ, ಒಮ್ಮೆಲೇ 12 ಗಂಟೆಗಿಂತ ಹೆಚ್ಚಲ್ಲ ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತು. 24, 36 ಗಂಟೆಯ ಡ್ಯೂಟಿ ಇವತ್ತಿಗೂ ನಡೆದಿದೆ. ಕನ್ಸಲ್ಟಿಂಗ್‌ನಲ್ಲಿ ರಾತ್ರಿಪೂರ್ತಿ ನಿಲ್ಲುವುದು ಅಪರೂಪ, ಆದರೆ ವಾರಕ್ಕೆ 60–70 ಗಂಟೆ, ಸೋಮವಾರ ನಸುಕಿನ ವಿಮಾನ, ಗುರುವಾರ ರಾತ್ರಿ ವಾಪಸು, ರಾತ್ರಿ ಹನ್ನೊಂದಕ್ಕೆ ‘ಈ ಸ್ಲೈಡ್ ಸ್ವಲ್ಪ ನೋಡಿ’ ಎಂಬ ಸಂದೇಶ. ಪಿಜಿಯ ದಣಿವು ಮೂರು ವರ್ಷಕ್ಕೆ ಇಳಿಮುಖವಾಗುತ್ತದೆ. ಕನ್ಸಲ್ಟಿಂಗ್‌ನಲ್ಲಿ ಮೇಲೆ ಹೋದಂತೆ ಪ್ರಯಾಣ ಕಡಿಮೆಯಾಗುವುದಿಲ್ಲ, ಜೊತೆಗೆ ಹೊಸ ಗ್ರಾಹಕರಿಂದ ಕೆಲಸ ತರುವ ಒತ್ತಡ ಸೇರಿಕೊಳ್ಳುತ್ತದೆ.

ಎಂಬಿಬಿಎಸ್ ಆದಮೇಲೆ ಕನ್ಸಲ್ಟಿಂಗ್‌ಗೆ ಹೋಗಬೇಕೆನ್ನುವವರಿಗೆ ದಾರಿ ಹೀಗಿದೆ. ಹೌಸ್ ಸರ್ಜನ್‌ಶಿಪ್ ಪೂರ್ತಿ ಮುಗಿಸಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಖಾಯಂ ನೋಂದಣಿ ಮಾಡಿಸಿಕೊಳ್ಳಿ. ನಡುವೆ ಬಿಟ್ಟವರ ಕೈಯಲ್ಲಿ ಯಾವುದೂ ಉಳಿಯುವುದಿಲ್ಲ. ಮುಂದೆ ಬೇರೆ ಕೆಲಸಕ್ಕೆ ಹೋದರೂ ಐದು ವರ್ಷಕ್ಕೊಮ್ಮೆ ನವೀಕರಣ ತಪ್ಪಿಸಬೇಡಿ. ಆಮೇಲೆ ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್: ನವೆಂಬರ್ ಕೊನೆಯ ವಾರದ ಆಸುಪಾಸು, ಎರಡು ಗಂಟೆ, ತಲಾ 40 ನಿಮಿಷದ ಮೂರು ಭಾಗ. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದವರಿಗೆ ಗಣಿತ ಪೂರ್ತಿ ಮರೆತಿರುವುದಿಲ್ಲ. ಆದರೂ ಆರು ತಿಂಗಳು ದಿನಕ್ಕೆ ಎರಡು ಗಂಟೆ ಬೇಕೇ ಬೇಕು. ಎಂಜಿನಿಯರಿಂಗ್ ಅಲ್ಲದ ಹಿನ್ನೆಲೆಗೆ ಕೆಲವು ಐಐಎಂಗಳು ಆಯ್ಕೆಯಲ್ಲಿ ತೂಕ ಕೊಡುತ್ತವೆ. ಕೆಲವು ವರ್ಷ ಕೆಲಸ ಮಾಡಿದ್ದರೆ ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿಯ ಒಂದು ವರ್ಷದ ಕೋರ್ಸು ಇದೆ, ಪ್ರವೇಶ ಪರೀಕ್ಷೆಗಳಾದ ಜಿಮ್ಯಾಟ್ ಅಥವಾ ಜಿಆರ್‌ಇ ಅಂಕದ ಮೇಲೆ. ಅಮೆರಿಕ, ಯುರೋಪಿನಲ್ಲಿ ದೊಡ್ಡ ಸಂಸ್ಥೆಗಳು ಎಂಡಿ, ಪಿಎಚ್‌ಡಿಯವರನ್ನು ಎಂಬಿಎ ಇಲ್ಲದೆಯೇ ಸೇರಿಸಿಕೊಳ್ಳುವುದು ರೂಢಿ. ಇಲ್ಲಿ ಅದು ಕಡಿಮೆ. ಆದರೆ ಆಸ್ಪತ್ರೆ, ಫಾರ್ಮಾ ಪ್ರಾಜೆಕ್ಟುಗಳನ್ನೇ ಮುಖ್ಯವಾಗಿ ಮಾಡುವ ಜೆಡ್‌ಎಸ್, ಐಕ್ಯೂವಿಯಾದಂಥ ಕಡೆ ವೈದ್ಯರಿಗೆ ಜಾಗವಿದೆ.

ಕೇಸ್ ಇಂಟರ್‌ವ್ಯೂನಲ್ಲಿ (ಒಂದು ಸಂಸ್ಥೆಯ ಸಮಸ್ಯೆ ಕೊಟ್ಟು ಬಿಡಿಸಲು ಹೇಳುವ ಸಂದರ್ಶನ) ವೈದ್ಯರು ಎಡವುವ ಕ್ರಮ ಬಹುಮಟ್ಟಿಗೆ ಒಂದೇ. ಹೀಗೊಂದು ಪ್ರಶ್ನೆ ಬಂತೆನ್ನಿ: ಹುಬ್ಬಳ್ಳಿಯ 200 ಹಾಸಿಗೆಯ ಆಸ್ಪತ್ರೆ ನಷ್ಟದಲ್ಲಿದೆ, ಏನು ಮಾಡಬೇಕು? ವೈದ್ಯರು ತಕ್ಷಣ ‘ಕಾರ್ಡಿಯಾಲಜಿ ಶುರುಮಾಡಿ’ ಎನ್ನುತ್ತಾರೆ. ಕ್ಯಾಶುಯಲ್ಟಿಯಲ್ಲಿ ಮಾದರಿ ಗುರುತಿಸಿ ನೇರ ರೋಗನಿರ್ಣಯಕ್ಕೆ ಹೋಗುವುದು ಅನುಭವದ ಗುರುತು. ಇಲ್ಲಿ ಅದಕ್ಕೇ ಅಂಕ ಹೋಗುತ್ತದೆ. ಮೊದಲು ಆದಾಯ, ವೆಚ್ಚ ಎಂದು ಒಡೆಯಿರಿ. ಆದಾಯ ಎಂದರೆ ತುಂಬಿದ ಹಾಸಿಗೆ-ದಿನ ಗುಣಿಸು ದಿನದ ಆದಾಯ. 200 ಹಾಸಿಗೆಗೆ ವರ್ಷಕ್ಕೆ 73,000 ಹಾಸಿಗೆ-ದಿನ. ಶೇ 60 ತುಂಬಿದ್ದರೆ 43,800. ಹಾಸಿಗೆಗೆ ದಿನದ ಆದಾಯ 20,000 ರೂಪಾಯಿ ಎಂದರೆ 87.6 ಕೋಟಿ. ಸರಾಸರಿ ನಾಲ್ಕು ದಿನ ಇದ್ದರೆ 10,950 ದಾಖಲಾತಿ. ಈಗ ಕೇಳಿ: ತೊಂದರೆ ರೋಗಿಗಳು ಬರದಿರುವುದೋ, ಬಂದವರು ಹೆಚ್ಚು ದಿನ ಇರುವುದೋ, ವಿಮೆ ಮತ್ತು ಸರ್ಕಾರಿ ಯೋಜನೆಗಳ ದರ ಕಡಿಮೆಯೋ? ಹಾಸಿಗೆಗಳು ಖಾಲಿ ಇರುವಾಗ ಇರುವ ದಿನಗಳನ್ನು ನಾಲ್ಕರಿಂದ ಮೂರಕ್ಕಿಳಿಸಿದರೆ ಆದಾಯ ಏರುವುದಿಲ್ಲ, ದಿನದ ಲೆಕ್ಕದಲ್ಲಿ ಬಿಲ್ ಆಗುವವರಿಂದ ಬರುವುದೂ ತಗ್ಗುತ್ತದೆ. ಇದನ್ನು ಹಿಡಿದವರನ್ನು ಮುಂದಿನ ಸುತ್ತಿಗೆ ಕರೆಯುತ್ತಾರೆ. ಎರಡನೇ ಎಡವಟ್ಟು, ಗುಣಾಕಾರವನ್ನು ಮನಸ್ಸಿನಲ್ಲೇ ಮಾಡಿ ಉತ್ತರವನ್ನಷ್ಟೇ ಹೇಳುವುದು. ಬಾಯಿಬಿಟ್ಟು ಹೇಳುತ್ತ ಮಾಡಬೇಕು. ಜೋಡಿಯಾಗಿ ಕೂತು ಮೂವತ್ತು ನಲವತ್ತು ಕೇಸ್ ಅಭ್ಯಾಸ ಮಾಡಿದರೆ ಕೈ ಕುದುರುತ್ತದೆ.

ಪ್ರಶ್ನೋತ್ತರದಲ್ಲಿ ಹೆಚ್ಚು ಬಂದದ್ದು ಎರಡು ಪ್ರಶ್ನೆ.

‘ಇಷ್ಟವಾಗದಿದ್ದರೆ ವಾಪಸ್ ಬರಬಹುದಾ ಸರ್?’ ನೋಂದಣಿ ಇದ್ದರೆ ಕಾನೂನಿನ ಅಡ್ಡಿ ಇಲ್ಲ. ಕೈಗೆ ಅಡ್ಡಿ ಇದೆ. ಎರಡು ವರ್ಷ ಇಂಟುಬೇಷನ್ (ಶ್ವಾಸನಾಳಕ್ಕೆ ಉಸಿರಾಟದ ನಳಿಗೆ ಹಾಕುವುದು) ಮಾಡದವರು ರಾತ್ರಿ ಎರಡಕ್ಕೆ ಐಸಿಯುನಲ್ಲಿ ಒಬ್ಬರೇ ನಿಲ್ಲಬಾರದು. ಪಿಜಿ ನೀಟ್‌ಗೆ ಮತ್ತೆ ಓದಬೇಕು, ಆಗ ಜೊತೆಗೆ ಕೂರುವವರು ಐದಾರು ವರ್ಷ ಕಿರಿಯರು. ಕನ್ಸಲ್ಟಿಂಗ್‌ನಿಂದ ವೈದ್ಯಕೀಯಕ್ಕೆ ಹೊಸದಾಗಿ ಬರುವುದಂತೂ ನೀಟ್ ಯುಜಿಯಿಂದಲೇ.

‘ಪಿಜಿ ಮುಗಿಸಿ ಹೋಗಲೋ, ಎಂಬಿಬಿಎಸ್ ಆದ ಕೂಡಲೇ ಹೋಗಲೋ?’ ರೋಗಿಗಳನ್ನು ನೋಡುವುದೇ ಬೇಡವೆನಿಸಿದ್ದರೆ ಎಂಬಿಬಿಎಸ್ ಆದ ಕೂಡಲೇ. ಪಿಜಿಯ ಮೂರು ವರ್ಷ ಕನ್ಸಲ್ಟಿಂಗ್‌ನಲ್ಲಿ ಸಂಬಳವನ್ನು ಮೂರು ಪಟ್ಟು ಮಾಡುವುದಿಲ್ಲ. ರೋಗಿಗಳು ಇಷ್ಟ, ವಾರ್ಡಿನ ಅವ್ಯವಸ್ಥೆ ಮಾತ್ರ ಅಸಹ್ಯ ಎನ್ನುವವರು ಪಿಜಿ ಮಾಡಿ. ಮೂರು ವರ್ಷದ ನಂತರವೂ ಆ ಅಸಹನೆ ಉಳಿದಿದ್ದರೆ ಆಸ್ಪತ್ರೆ ಆಡಳಿತದ ದಾರಿಯೂ ಇದೆ, ಕನ್ಸಲ್ಟಿಂಗ್ ಕೂಡ ಇರುತ್ತದೆ. ಪಿಜಿ ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ಯಾಟ್ ಅರ್ಜಿ ತುಂಬುವವರಿಗೆ ಹೇಳುವುದಿಷ್ಟೇ: ಅರ್ಜಿ ತುಂಬುವ ಮೊದಲು ಒಂದು ಕೇಸ್ ಇಂಟರ್‌ವ್ಯೂ ಅಭ್ಯಾಸಕ್ಕೆ ಕೂತು ನೋಡಿ. ಆ ಒಂದು ಗಂಟೆ ಬೇಸರ ತಂದರೆ ಆ ಕೆಲಸವೂ ಬೇಸರವೇ.